ಮೊದಲ ದಿನದ ನಷ್ಟ

ಮಾದಾಪುರದ ನಮ್ಮ ಶಾಖೆಗೆ ಸುತ್ತೋಲೆ ಬಂದಿದೆ:
ಬರುವ ಏಪ್ರಿಲ್ ಒಂದರಿಂದ ಹೊಸ ಲೆಕ್ಕ.
ಸಾಲ ಕೊಟ್ಟ ದಿನವೇ,
ಚೆಕ್ಕಿನ ಶಾಯಿ ಆರುವ ಮೊದಲೇ,
ಬಾರದೆ ಹೋದರೆ ಎಷ್ಟು ಹೋಗಬಹುದು
ಎಂದು ಬರೆದು ಅಷ್ಟನ್ನು ಎತ್ತಿಡಬೇಕು.

ಇಷ್ಟು ದಿನ ನಾವು ಕಾಯುತ್ತಿದ್ದೆವು.
ತೊಂಬತ್ತು ದಿನ.
ಎಂಬತ್ತೊಂಬತ್ತನೆಯ ಸಂಜೆ ಉಮ್ಮರ್ ಶಟರನ್ನು
ಅರ್ಧಕ್ಕೆ ಇಳಿಸಿದ ಮೇಲೆ
ಬಗ್ಗಿ ಒಳಬಂದು ಬಡ್ಡಿ ಕಟ್ಟಿದವರಿದ್ದಾರೆ,
ಮಳೆಕೋಟಿನ ನೀರು ತೊಟ್ಟಿಕ್ಕಿ
ಚಲನ್ನಿನ ಮೇಲೆ ಸಹಿ ಹರಡಿಕೊಂಡು.
ಅವರನ್ನು ಯಾವ ಹಂತದಲ್ಲಿ ಇಡಲಿ?

ಹಂತಗಳು ಮೂರಂತೆ.
ಒಂದು: ಚೆನ್ನಾಗಿದ್ದಾರೆ.
ಎರಡು: ಚೆನ್ನಾಗಿದ್ದಾರೆ, ಆದರೂ.
ಮೂರು ನಮಗೆ ಗೊತ್ತಿದ್ದದ್ದೇ.
ಉಮ್ಮರ್ ಲೋಟ ತೊಳೆಯುತ್ತ ನಕ್ಕ:
"ಹಾಗಾದರೆ ಊರಿಗೆ ಊರೇ ಎರಡರಲ್ಲಿದೆ ಮೇಡಂ."

ಮಂಗಳೂರಿನಿಂದ ಶ್ರವಣ ಕುಡ್ವ ಬಂದ,
ಎರಡು ಲ್ಯಾಪ್‌ಟಾಪು, ಒಂದು ನೆಗಡಿ.
"ಹತ್ತು ವರ್ಷದ್ದು ಬೇಕು. ಯಾರು ಕಟ್ಟಿದರು,
ಯಾರು ಬಿಟ್ಟರು. ಹಿಂದಿನದರಿಂದಲೇ
ಮುಂದಿನದು ಹುಟ್ಟಬೇಕು."
ಅಟ್ಟದಿಂದ ವಸೂಲಿ ರಿಜಿಸ್ಟರುಗಳನ್ನು ಇಳಿಸಿದೆವು.
ಈ ಕೋಣೆ ಒಂದು ಕಾಲಕ್ಕೆ ಕರಿಮೆಣಸಿನ ಗೋದಾಮು;
ಘಾಟು ಇನ್ನೂ ರಟ್ಟಿನಲ್ಲಿ ಕೂತಿದೆ.
ಇಬ್ಬರೂ ಸೀನುತ್ತ ಓದಿದೆವು.

ಗುಡ್ಡ ಜಾರಿದ ವರ್ಷಕ್ಕೆ ಬಂದಾಗ
ಅವನ ಬೆರಳು ನಿಂತಿತು.
"ಇದು ಅಪವಾದದ ವರ್ಷ. ಬಿಟ್ಟುಬಿಡೋಣ.
ಸರಾಸರಿ ಕೆಡುತ್ತದೆ."
"ಕೆಡಲಿ" ಅಂದೆ.
ದನಿ ನಾನಂದುಕೊಂಡದ್ದಕ್ಕಿಂತ ಜೋರಾಯಿತು.

ಕೆಟ್ಟಿರಲಿಲ್ಲ.

ಖಾತೆ ನಾನೂರ ಹದಿನೇಳು. ಪೊನ್ನವ್ವ.
ಎರಡೂವರೆ ಎಕರೆ ಕಾಫಿ, ಒಂದು ಕೊಟ್ಟಿಗೆ,
ಆಗಸ್ಟಿನ ಒಂದು ಬೆಳಗ್ಗೆ ನಿಂತಲ್ಲಿಂದಲೇ
ಹೊಳೆಗೆ ಇಳಿದು ಹೋದದ್ದು.
ಅದರ ಮುಂದೆ ನನ್ನದೇ ಕೈಬರಹ, ದುಂಡಗೆ:
ಪೂರ್ತಿ ಪಾವತಿ. ನಷ್ಟ, ಸೊನ್ನೆ.

ಅವಳು ಬಂದ ದಿನ ನೆನಪಿದೆ.
ಪರಿಹಾರ ಕೇಂದ್ರದಿಂದ ನಡೆದೇ ಬಂದಿದ್ದಳು,
ಕಾಲಿನಲ್ಲಿ ಯಾರದೋ ಗಂಡಸಿನ ಚಪ್ಪಲಿ.
ಕರವಸ್ತ್ರ ಬಿಚ್ಚಿದಳು.
ಜೋಮಾಲೆ ಕಟ್ಟಿಡುತ್ತಿದ್ದ ಕರವಸ್ತ್ರ, ಒಳಗೆ ನೋಟು.
ನಾನು ಎಣಿಸಿದೆ. ಮತ್ತೆ ಎಣಿಸಿದೆ,
ತಲೆ ಎತ್ತದಿರುವುದಕ್ಕೆ.
"ರಸೀದಿ ಕೊಡು ಮಗಳೇ" ಅಂದಳು,
"ಹಳೆಯವೆಲ್ಲ ಹೊಳೆಗೆ ಹೋದವು."

ಅದೇ ಪುಟದಲ್ಲಿ ಇನ್ನೂ ಹನ್ನೊಂದು ಹೆಸರು.
ಹನ್ನೊಂದು ಸೊನ್ನೆ.
ಒಬ್ಬರು ಅಣ್ಣನ ಪಾಲು ಮಾರಿದ್ದರು,
ಒಬ್ಬರು ಕುಶಾಲನಗರದಲ್ಲಿ ರಾತ್ರಿ ಕಾವಲಿಗೆ ಸೇರಿದ್ದರು,
ಉಳಿದವರು ಏನು ಮಾಡಿದರೋ, ನಾನು ಕೇಳಿರಲಿಲ್ಲ.
ಕೇಳುವ ಕಾಲಂ ಇರಲಿಲ್ಲ.

ಶ್ರವಣ ಆ ವರ್ಷವನ್ನು ಸೇರಿಸಿ ನೋಡಿದ,
ತೆಗೆದು ನೋಡಿದ.
ಸರಾಸರಿ ಕದಲಲಿಲ್ಲ.
"ಒಳ್ಳೆಯ ಶಾಖೆ ಮೇಡಂ" ಅಂದ, ಮೂಗು ಒರೆಸುತ್ತ,
"ಇಲ್ಲಿ ಏನೂ ಆಗೇ ಇಲ್ಲ."

ಟಿಪ್ಪಣಿಗೆ ಇನ್ನೂರು ಅಕ್ಷರ ಜಾಗವಿತ್ತು.
ಬರೆದೆ, ಅಳಿಸಿದೆ, ಬರೆದೆ.
ಕೊನೆಗೆ ಉಳಿದದ್ದು ಇಷ್ಟು:
ಈ ಸೊನ್ನೆಗಳನ್ನು ಬೇರೆ ಯಾರೋ ತುಂಬಿದ್ದಾರೆ.
ಹೆಡ್ಡಾಫೀಸು ಅದನ್ನು ಹಿಂದಕ್ಕೆ ಕಳಿಸಿದೆ,
ಕೆಳಗೆ: ಸ್ಪಷ್ಟೀಕರಿಸಿ.

ಇವತ್ತು ತಾಲೀಮಿನ ಮೊದಲ ಸಾಲ.
ಸೂರ್ಲಬ್ಬಿಯ ಬಬಿತ, ಬೇಕರಿಗೆ ಓವನ್ನು, ಎರಡು ಲಕ್ಷ.
ಸಹಿ ಮಾಡುವಾಗ ನಾಲಿಗೆಯ ತುದಿ ಕಚ್ಚಿಕೊಂಡಿದ್ದಳು.
"ಮೊದಲ ಬ್ರೆಡ್ಡು ನಿಮಗೇ ತರುತ್ತೇನೆ" ಅಂದಳು.
ತೆರೆಯ ಮೇಲೆ, ಅವಳಿಗೆ ಕಾಣದ ಬದಿಯಲ್ಲಿ,
ಒಂದು ಅಂಕಿ ಮೂಡಿತು:
ನಾನೂರ ಹದಿನಾಲ್ಕು ರೂಪಾಯಿ.
ಅವಳ ಮೇಲೆ ನಮಗಿರುವ ಅನುಮಾನ.
ಸರಿ ಅಂತ ಒತ್ತಿದೆ. ಸಣ್ಣ ಮೊತ್ತವೇ.

ಐದೂವರೆ.
ಉಮ್ಮರ್ ಶಟರನ್ನು ಅರ್ಧಕ್ಕೆ ನಿಲ್ಲಿಸಿದ್ದಾನೆ.
ಯಾರೂ ಬರುವುದು ಬಾಕಿ ಇಲ್ಲ.
ಅವನಿಗೆ ಅದು ರೂಢಿ.